ಒಂಬತ್ತು ದಿನದ ವಾರ

ಅಂಗಡಿಗೆ ಹೊರಟಾಗ ನನ್ನ ಚಿಕ್ಕಮ್ಮ ಚೀಲದೊಳಗೆ ಮೊದಲು ಇಟ್ಟುಕೊಳ್ಳುತ್ತಿದ್ದದ್ದು ಕೆಲಸವನ್ನು. ಮಾತು ವಿಚಿತ್ರವಾಗಿ ಕೇಳಿಸಬಹುದು, ಆದರೆ ಅಕ್ಷರಶಃ ನಿಜ. ಹೊಲಿಗೆಯಂತ್ರ ಕೊಳ್ಳಲು ಹೋದ ದಿನ ಅವಳ ಚೀಲದಲ್ಲಿ ನಾಲ್ಕು ಮಡಿಕೆಯ ದಪ್ಪ ಕ್ಯಾನ್ವಾಸ್ ಬಟ್ಟೆಯಿತ್ತು. ಇಸ್ತ್ರಿಪೆಟ್ಟಿಗೆಗೆ ಹೋದ ದಿನ, ಒದ್ದೆ ಮಾಡಿ ಹಿಂಡಿ ಮುದ್ದೆಯಾಗಿಯೇ ಒಣಗಿಸಿದ ಚಿಕ್ಕಪ್ಪನ ಹತ್ತಿಯ ಅಂಗಿ. ಕನ್ನಡಕಕ್ಕೆ ಹೋದಾಗ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹಳ್ಳಕೊಳ್ಳಗಳ ಹೆಸರು ತುಂಬಿದ್ದ ಹಳೆಯ ಭೂಪಟದ ಒಂದು ತುಂಡು. ಹಾಸಿಗೆ ಕೊಳ್ಳುವಾಗಲಂತೂ ಅಂಗಡಿಯಲ್ಲೇ ಚಪ್ಪಲಿ ಬಿಟ್ಟು, ಮಗ್ಗುಲಾಗಿ ಮಲಗಿ, ಮಾರುವವರ ಎದುರಿನಲ್ಲೇ ನಲವತ್ತು ನಿಮಿಷ ನಿಜವಾದ ನಿದ್ದೆ ಮಾಡಿ ಎದ್ದು, "ಬೇಡ, ಎಡಗಡೆ ಭುಜ ನೋಯ್ತು" ಎಂದು ಹೊರಬಂದಿದ್ದಳು.

"ಪರೀಕ್ಷೆ ಮಾಡ್ದೆ ತಗೊಂಡಿದ್ದು ನನ್ನೊಬ್ಬನ್ನೇ. ಆಮೇಲೆ ಬುದ್ಧಿ ಕಲಿತ್ಲು" ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರಿಗೆ ಹೆಂಡತಿಯ ಈ ಸ್ವಭಾವದ ಬಗ್ಗೆ ತಮಾಷೆಯೂ ಒಳಗೊಳಗೇ ಹೆಮ್ಮೆಯೂ ಇತ್ತು.

ಚಿಕ್ಕಮ್ಮ ನಮ್ಮೂರ ನಗರಾಡಳಿತದ ಭೂಮಾಪನ ವಿಭಾಗದಲ್ಲಿ ನಕಾಶೆ ತಯಾರಿಸುವವಳು. ಮೂವತ್ತು ವರ್ಷ ಅಳತೆಯ ಉಪಕರಣಗಳನ್ನು ಹೊತ್ತು ಗುಡ್ಡ ಹತ್ತಿಳಿದ ಅಭ್ಯಾಸದಿಂದ ಅವಳ ನಡಿಗೆಯೇ ಒಂದು ಬಗೆಯಾಗಿಬಿಟ್ಟಿತ್ತು: ಸಮತಟ್ಟಾದ ನೆಲದ ಮೇಲೂ ಏರು ಹತ್ತುವವಳಂತೆ ಮುಂದಕ್ಕೆ ಬಾಗಿ, ಮೊಣಕಾಲನ್ನು ಒತ್ತಿ ಒತ್ತಿ ನಡೆಯುವಳು, ಜೊತೆಗಿದ್ದವರು ಏದುಸಿರು ಬಿಡುತ್ತಾ ಹಿಂದೆ ಬರಬೇಕು. ಮೈಮೇಲೆ ಬೇಸಿಗೆ ಚಳಿಗಾಲವೆನ್ನದೆ ಬೂದು ಬಣ್ಣದ, ಗಂಡಸರ ಅಳತೆಯ ಒಂದು ಕೋಟು. ಅದಕ್ಕೆ ತಾನೇ ಹೊಲಿದುಕೊಂಡ ಆರು ಜೇಬು. ಪೆನ್ಸಿಲ್ ತುಂಡು, ಭೂತಗನ್ನಡಿ, ಸ್ಕ್ರೂಡ್ರೈವರ್, ಓಟದ ಪಂದ್ಯಗಳಲ್ಲಿ ಬಳಸುವಂಥ ಸ್ಟಾಪ್‌ವಾಚು, ಸುತ್ತಿಟ್ಟ ಅಳತೆಯ ಟೇಪು, ಹೀಗೆ ಒಂದೊಂದಕ್ಕೆ ಒಂದೊಂದು ವಸ್ತು. ಆರನೆಯದರಲ್ಲಿ ಏನಿದೆಯೆಂದು ಕೇಳಿದರೆ, "ಅದು ಖಾಲಿ ಕಣೇ, ದಾರೀಲಿ ಏನಾದ್ರೂ ಸಿಕ್ಕಿದ್ರೆ ಬೇಕಲ್ಲ" ಅನ್ನುವಳು. ಯಾರಾದರೂ ಏನನ್ನಾದರೂ ಹೊಗಳಿದರೆ ಅವಳ ಬಾಯಿಂದ ತಪ್ಪದೆ ಬರುತ್ತಿದ್ದದ್ದು ಎರಡೇ ಮಾತು: "ಹೌದಾ? ತೋರ್ಸಿ." ಅದರಲ್ಲಿ ವ್ಯಂಗ್ಯ ಇರುತ್ತಿರಲಿಲ್ಲ, ನಿಜಕ್ಕೂ ನೋಡಬೇಕೆಂಬ ಮಕ್ಕಳ ಆಸೆ ಇರುತ್ತಿತ್ತು.

ಇಂಥವಳು ಒಂದು ಕಂಪ್ಯೂಟರನ್ನು ಆರಿಸಿದ ಕಥೆಯನ್ನು ನಾನು ಹತ್ತಿರದಿಂದ ನೋಡಿದೆ. ಆಗ ನಾನು ಪಾಠ ಹೇಳುವ ಕಾಲೇಜಿಗೆ ರಜೆ, ಜೊತೆಗೆ ನನಗೆ ಕಾರು ಓಡಿಸಲು ಬರುತ್ತಿತ್ತು. ಆ ಕಥೆಯೊಳಗೆ ನಿಲ್ಲಲು ನನಗಿದ್ದ ಅರ್ಹತೆ ಇಷ್ಟೇ.

ನಮ್ಮ ಊರು ಒಂದು ಗುಡ್ಡಕ್ಕೆ ಬೆನ್ನು ಕೊಟ್ಟು ಕೂತಿದೆ. ಹಿಂದಿನ ಮಳೆಗಾಲದಲ್ಲಿ ಗುಡ್ಡದ ಪಶ್ಚಿಮದ ತುದಿಯಲ್ಲಿ, ಮಣ್ಣು ತಡೆಯಲು ಕಟ್ಟಿದ್ದ ಕಲ್ಲಿನ ಗೋಡೆ ಬಿರುಕುಬಿಟ್ಟಿತು. ಕೆಳಗೆ ಅರವತ್ತು ಮನೆ. ಈ ವರ್ಷದ ಬೇಸಿಗೆಯ ಮೊದಲಿಂದ ಪ್ರತಿ ಸೋಮವಾರ ಒಂದು ಡ್ರೋನ್ ಹಾರಿ, ಇಡೀ ಗುಡ್ಡದ ಎರಡು ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದು ತರುತ್ತಿತ್ತು. ಆ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿ, ಗುಡ್ಡದ ಉಬ್ಬುತಗ್ಗುಗಳ ಸಮೇತ ಒಂದು ಪ್ರತಿಕೃತಿ ಕಟ್ಟುವುದು ಚಿಕ್ಕಮ್ಮನ ಕೆಲಸ. ಈ ವಾರದ ಪ್ರತಿಕೃತಿಯನ್ನು ಹೋದ ವಾರದ್ದರ ಮೇಲಿಟ್ಟು ನೋಡಿದರೆ, ಮಣ್ಣು ಎಲ್ಲಿ ಬೆರಳಗಲ ಸರಿದಿದೆ ಎನ್ನುವುದು ಗೊತ್ತಾಗುತ್ತಿತ್ತು.

ಗೊತ್ತಾಗಬೇಕಿತ್ತು, ಅನ್ನಬೇಕು. ಕಚೇರಿಯಲ್ಲಿದ್ದ ಹಳೆಯ ಯಂತ್ರ ಒಂದು ವಾರದ ಚಿತ್ರಗಳನ್ನು ಅರಗಿಸಿಕೊಳ್ಳಲು ತೆಗೆದುಕೊಳ್ಳುತ್ತಿದ್ದದ್ದು ಒಂಬತ್ತು ದಿನ. ಸೋಮವಾರ ಉಣಿಸಿದ್ದನ್ನು ಅದು ಮುಗಿಸುವ ಹೊತ್ತಿಗೆ ಮುಂದಿನ ವಾರದ ಬುಧವಾರ. ವಾರಕ್ಕೆರಡು ದಿನದಂತೆ ಸಾಲ ಬೆಳೆದು ಬೆಳೆದು, ಮತ್ತೊಂದು ಮಳೆಗಾಲ ತಿಂಗಳು ದೂರವಿದೆಯೆನ್ನುವಾಗ ಚಿಕ್ಕಮ್ಮ ಮೂರು ವಾರಕ್ಕೂ ಹಿಂದಿನ ಗುಡ್ಡವನ್ನು ನೋಡುತ್ತಾ ಕೂತಿದ್ದಳು. "ನಾನು ನೋಡ್ತಿರೋದು ಗುಡ್ಡ ಅಲ್ಲ ಕಣೇ, ಗುಡ್ಡದ ಹಳೇ ಸಮಾಚಾರ" ಎಂದು ಒಂದು ದಿನ ಊಟದ ಮಧ್ಯೆ ಹೇಳಿ ತಟ್ಟೆ ಸರಿಸಿದಳು.

ಮುಖ್ಯ ಎಂಜಿನಿಯರರು ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. ಹೊಸ ಯಂತ್ರಕ್ಕೆ ಒಪ್ಪಿಗೆ ಕೊಟ್ಟು, "ಎಲ್ಲಕ್ಕಿಂತ ದೊಡ್ಡದನ್ನೇ ತಗೊಂಡ್ಬಿಡಿ ಮೇಡಂ, ತಲೆನೋವು ಇರಲ್ಲ" ಅಂದರು.

"ಯಾವುದರಲ್ಲಿ ದೊಡ್ಡದು ಸಾರ್?"

ಅವರು ಕಡತವನ್ನು ಅವಳತ್ತ ಸರಿಸಿ, ಅದನ್ನು ನೀವೇ ನೋಡಿಕೊಳ್ಳಿ ಅಂದರು. ನಿಜ ಹೇಳಬೇಕೆಂದರೆ ಅವಳಿಗೂ ಅದು ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿಯಲು ಅವಳು ಮಾಡಿದ್ದು ಇಷ್ಟು: ನಗರಾಡಳಿತದ ವಾಹನಗಳು ನಿಲ್ಲುವ ಕೊಟ್ಟಿಗೆಯ ಮೇಲಿನ ತನ್ನ ಕೋಣೆಯಲ್ಲಿ, ಮಕ್ಕಳ ನೋಟ್‌ಬುಕ್ಕೊಂದನ್ನು ತೊಡೆಯ ಮೇಲಿಟ್ಟುಕೊಂಡು, ಆ ಹಳೆಯ ಯಂತ್ರದ ಎದುರು ಕುರ್ಚಿ ಹಾಕಿಕೊಂಡು ಕೂತಳು. ಅದು ಯಾವ ಗಂಟೆಯಲ್ಲಿ ಏನು ಮಾಡುತ್ತಿದೆ, ಎಷ್ಟು ದುಡಿಯುತ್ತಿದೆ, ಎಷ್ಟು ಸುಮ್ಮನೆ ಕೂತಿದೆ ಎಂದು ಒಂಬತ್ತು ದಿನವೂ ಬರೆದಳು. ಎದ್ದು ಹೋಗುವಾಗ ಅಳತೆಯ ಅಂಕಿಗಳನ್ನು ತಾನಾಗಿ ದಾಖಲಿಸುವ ಏರ್ಪಾಡು ಮಾಡಿ ಹೋಗುವಳು, ಬಂದೊಡನೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಳು. ರೋಗಿಯ ಹಾಸಿಗೆಯ ಪಕ್ಕ ಕೂತ ದಾದಿಯರಲ್ಲಿ ಮಾತ್ರ ನಾನು ಅಂಥ ತಾಳ್ಮೆ ಕಂಡಿದ್ದೇನೆ. ಹತ್ತನೆಯ ದಿನ ಬೆಳಗ್ಗೆ ನನಗೆ ಫೋನು ಬಂತು.

"ಬೇಗ ಬಾರೇ. ಕಳ್ಳ ಸಿಕ್ಕಿದಾನೆ."

ನಾನು ಹೋದಾಗ ಅವಳು ಕೋಣೆಯ ಉದ್ದಕ್ಕೂ ಆ ಏರುನಡಿಗೆಯಲ್ಲಿ ಓಡಾಡುತ್ತಿದ್ದಳು. ಕೋಟಿನ ತೋಳು ಮೊಣಕೈವರೆಗೆ ಮಡಚಿತ್ತು, ಐವತ್ತೆಂಟರ ಮುಖದಲ್ಲಿ ಹದಿನೆಂಟರ ಉತ್ಸಾಹ. ಒಂಬತ್ತು ದಿನಗಳಲ್ಲಿ ಐದೂವರೆ ದಿನ ಯಂತ್ರದ ಲೆಕ್ಕ ಮಾಡುವ ಭಾಗ ಲೆಕ್ಕವನ್ನೇ ಮಾಡಿರಲಿಲ್ಲ. ನನಗೆ ಅರ್ಥವಾಗಲಿಲ್ಲವೆಂದು ನನ್ನ ಮುಖ ನೋಡಿಯೇ ತಿಳಿದು, ಎದುರು ಕೂರಿಸಿಕೊಂಡಳು.

"ಐವತ್ತು ಜನಕ್ಕೆ ಅಡುಗೆ ಮಾಡ್ಬೇಕು ಅಂತಿಟ್ಕೋ. ಅಡುಗೆಮನೆ ಕಟ್ಟೆ ಮೇಲೆ ಎರಡೇ ಪಾತ್ರೆಗೆ ಜಾಗ. ಮೂರನೇದು ಬೇಕು ಅಂದ್ರೆ ಒಂದನ್ನ ಎತ್ತಿ ಹಿತ್ತಲ ಉಗ್ರಾಣದಲ್ಲಿಟ್ಟು, ಅಲ್ಲಿಂದ ಇನ್ನೊಂದನ್ನ ತರ್ಬೇಕು. ಇಡೀ ದಿನ ಅಡುಗೆ ಮಾಡಿದೆ ಅಂತೀಯ, ಮಾಡಿದ್ದು ಬರೀ ನಡಿಗೆ. ಮೆಮೊರಿ ಅಂದ್ರೆ ಆ ಕಟ್ಟೆ, ಡಿಸ್ಕ್ ಅಂದ್ರೆ ಉಗ್ರಾಣ. ನಮ್ಮ ಗುಡ್ಡಕ್ಕೆ ಈ ಕಟ್ಟೆ ಸಾಲ್ತಾ ಇಲ್ಲ. ಅಂಗಡಿಯವರನ್ನ ಕೇಳಿದ್ರೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಎರಡು ಹಾಕ್ಸಿ ಅಂತಾರೆ. ಅದು ಒಲೆ ಕಣೇ. ಒಲೆ ನಾಲ್ಕಿದ್ದು ಏನು ಮಾಡ್ಲಿ, ಕಟ್ಟೇನೇ ಇಲ್ದೆ?"

ಮರುದಿನವೇ ನಾವು ಪೇಟೆಬೀದಿಯ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯಾತ ನಲವತ್ತೈದರ ಆಸುಪಾಸಿನವನು. ಅವನಲ್ಲಿದ್ದ ಯಂತ್ರಗಳಿಗೆಲ್ಲ ಗಾಜಿನ ಪಕ್ಕೆ, ಪಕ್ಕೆಯೊಳಗೆ ಕೆಂಪು ನೀಲಿ ನೇರಳೆಯಾಗಿ ಹರಿದಾಡುವ ದೀಪ. ಚಿಕ್ಕಮ್ಮ ಅವನಿಗೆ ಐದೇ ನಿಮಿಷದಲ್ಲಿ ಮಿಂಚಣ್ಣ ಎಂದು ಹೆಸರಿಟ್ಟಳು. ಅಂಗಡಿಯಲ್ಲೇ ಅತಿ ದೊಡ್ಡದಾದ ಯಂತ್ರದ ಮೇಲೆ ಕೈಯಿಟ್ಟು ಅವನು, "ಇದಕ್ಕೆ ಸರಿಸಾಟಿ ಇಲ್ಲ ಮೇಡಂ" ಅಂದ.

"ಹೌದಾ? ತೋರ್ಸಿ."

ಚೀಲದಿಂದ ಒಂದು ಡಿಸ್ಕನ್ನು ತೆಗೆದು ಕೊಟ್ಟಳು. ಅದರಲ್ಲಿ ಒಂದು ವಾರದ ಇಡೀ ಗುಡ್ಡ ಇತ್ತು. ಮಿಂಚಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇಲ್ಲೇ ಮಾಡಿ ತೋರಿಸ್ಬೇಕಾ?" "ಬೇರೆಲ್ಲಿ ತೋರಿಸ್ತೀರ?" ಅಂದಳು ಚಿಕ್ಕಮ್ಮ. ಮತ್ತೆ, ಬಹಳ ಸೌಜನ್ಯದಿಂದ: "ಈ ದೀಪ ಆರಿಸಿದ್ರೆ ಲೆಕ್ಕ ನಿಧಾನ ಆಗುತ್ತಾ?"

"ಇಲ್ಲ ಮೇಡಂ, ನೋಡೋಕೆ ಚೆನ್ನಾಗಿರಲ್ಲ ಅಷ್ಟೇ."

"ಹಾಗಾದ್ರೆ ಆರಿಸಿ. ನನಗೆ ಕಣ್ಣು ಕುಕ್ಕುತ್ತೆ."

ಬೆಳಗ್ಗೆ ಹತ್ತಕ್ಕೆ ಕೆಲಸ ಶುರುವಾಯಿತು. ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತು ಸ್ಟಾಪ್‌ವಾಚು ಒತ್ತಿದಳು. ಹಳೆಯ ಯಂತ್ರ ಒಂದೂವರೆ ದಿನ ಹೆಣಗಿದ ಮೊದಲ ಘಟ್ಟವನ್ನು ಇದು ನಲವತ್ತು ನಿಮಿಷದಲ್ಲಿ ದಾಟಿತು. ಮಿಂಚಣ್ಣ ಕೈಕಟ್ಟಿಕೊಂಡು ಗೋಡೆಗೆ ಒರಗಿದ. ನನಗೂ ಮೈ ಜುಮ್ಮೆಂದಿತು. ಚಿಕ್ಕಮ್ಮ ಮಾತ್ರ ಪರದೆಯ ಮೂಲೆಯಲ್ಲಿ ಏರುತ್ತಿದ್ದ ಮೆಮೊರಿಯ ಅಂಕಿಯನ್ನೇ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದು ಅಂಚು ಮುಟ್ಟಿತು. ಆಮೇಲೆ ಡಿಸ್ಕಿನ ಪುಟ್ಟ ದೀಪ ಎಡೆಬಿಡದೆ ಮಿಣುಕತೊಡಗಿತು, ಪರದೆಯ ಮೇಲಿನ ಹಸಿರು ಗೆರೆ ನಿಂತಲ್ಲೇ ನಿಂತಿತು. ನಾಲ್ಕು ಗಂಟೆಗೂ ಅಲ್ಲೇ. ಮಿಂಚಣ್ಣ ಮೌಸನ್ನು ಅಲ್ಲಾಡಿಸಿ, ಪೆಟ್ಟಿಗೆಯನ್ನು ತಟ್ಟಿ, ಗಂಟಲು ಸರಿಮಾಡಿಕೊಂಡು, "ಹ್ಯಾಂಗ್ ಆಗಿಲ್ಲ ಮೇಡಂ..." ಅಂದ.

"ಗೊತ್ತು. ಉಗ್ರಾಣಕ್ಕೆ ಹೋಗಿದೆ."

ಬೇರೆ ಅಂಗಡಿಯವನಾಗಿದ್ದರೆ ಮುನಿಸಿಕೊಳ್ಳುತ್ತಿದ್ದನೇನೋ. ಇವನು ಚಿಕ್ಕಮ್ಮನ ನೋಟ್‌ಬುಕ್ಕನ್ನು ಕೇಳಿ ಪಡೆದು, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹಾಳೆ ಹಾಳೆಯಾಗಿ ಓದಿದ. ಗಿರಾಕಿಯೊಬ್ಬ ಬಂದು ನಿಂತು ಹೋದರೂ ತಲೆಯೆತ್ತಲಿಲ್ಲ. ಕೊನೆಗೆ ಇನ್ನೊಂದು ಸ್ಟೂಲನ್ನು ತಂದು ಅವಳ ಪಕ್ಕಕ್ಕೆ ಹಾಕಿಕೊಂಡ. "ಅಮ್ಮಾ, ಇಪ್ಪತ್ತು ವರ್ಷದಿಂದ ಅಂಗಡಿ ನಡೆಸ್ತಿದೀನಿ. ಯಾವ ಬಣ್ಣ, ಎಷ್ಟು ಡಿಸ್ಕೌಂಟ್ ಅಂತ ಕೇಳ್ತಾರೆ. ಕೆಲಸ ಹಿಡ್ಕೊಂಡು ಬಂದೋರು ನೀವೇ ಮೊದಲು. ನಾಳೆ ಬನ್ನಿ, ಬೇರೆ ಥರ ಕಟ್ಟೋಣ." ಮೇಡಂ ಹೋಗಿ ಅಮ್ಮ ಆಗಿದ್ದನ್ನು ನಾನು ಗಮನಿಸಿದೆ.

ಮುಂದಿನ ನಾಲ್ಕು ದಿನ ನಾನು ಕಂಡ ಉತ್ಸಾಹವನ್ನು ಇನ್ನೆಲ್ಲೂ ಕಂಡಿಲ್ಲ. ಅಂಗಡಿಯ ಹಿಂದಿನ ಕೋಣೆಯ ಉದ್ದನೆಯ ಮೇಜಿನ ಮೇಲೆ ಬಿಡಿಭಾಗಗಳು ಹರಡಿಕೊಂಡವು. ಅವರಿಬ್ಬರೂ ಒಂದನ್ನು ಬಿಚ್ಚಿ ಇನ್ನೊಂದನ್ನು ಸಿಕ್ಕಿಸಿ, ಪ್ರತಿ ಸಲವೂ ಗುಡ್ಡವನ್ನೇ ಉಣಿಸಿ, ಸ್ಟಾಪ್‌ವಾಚು ಒತ್ತಿ, ಬರೆದುಕೊಂಡು, ಚಹಾ ಆರಿಹೋಗುವುದನ್ನೂ ಮರೆತು ವಾದಿಸುತ್ತಿದ್ದರು. ಎರಡನೆಯ ಗ್ರಾಫಿಕ್ಸ್ ಕಾರ್ಡ್ ತೆಗೆದರೆ ನಷ್ಟವಾದದ್ದು ಇಪ್ಪತ್ತು ನಿಮಿಷ. "ಇಪ್ಪತ್ತು ನಿಮಿಷಕ್ಕೆ ಇಷ್ಟು ದೊಡ್ಡ ಇಟ್ಟಿಗೇನಾ?" ಎಂದು ಅದನ್ನು ಪಕ್ಕಕ್ಕಿಟ್ಟಳು. ಅದರ ಬದಲಿಗೆ, ಮೆಮೊರಿ ಪಟ್ಟಿಗಳನ್ನು ಎಂಟರವರೆಗೆ ಕೂರಿಸಬಹುದಾದ ಮದರ್‌ಬೋರ್ಡ್ ಬಂತು. ಹೆಚ್ಚು ತಲೆಗಳ, ಅಂದರೆ ಹೆಚ್ಚು ಕೋರ್‌ಗಳ, ಪ್ರೊಸೆಸರಿಗಿಂತ ಕಡಿಮೆ ತಲೆಗಳ, ಆದರೆ ಒಂದೊಂದೂ ಚುರುಕಾದ ಪ್ರೊಸೆಸರು ಈ ಕೆಲಸಕ್ಕೆ ಮೇಲು ಎನ್ನುವುದು ಗೊತ್ತಾದಾಗ ಮಿಂಚಣ್ಣನೇ ಸ್ಟೂಲಿನಿಂದ ಎದ್ದು ನಿಂತುಬಿಟ್ಟ. ಪವರ್ ಸಪ್ಲೈ ಆರಿಸುವಾಗ ಚಿಕ್ಕಮ್ಮ ಒಂದೊಂದನ್ನೂ ಎರಡು ಅಂಗೈಯಲ್ಲಿ ಎತ್ತಿ, ಕೂಸನ್ನು ತೂಗುವಂತೆ ತೂಗಿ ನೋಡಿದಳು.

"ಭಾರ ಇದ್ರೆ ಗಟ್ಟಿ ಅನ್ನೋದೆಲ್ಲ ಹಳೇ ನಂಬಿಕೆ ಅಮ್ಮಾ" ಅಂದ ಅವನು.

"ಗೊತ್ತಪ್ಪ. ಆದ್ರೂ ಎತ್ತಿ ನೋಡಿದ್ರೆ ನನಗೆ ನಿದ್ದೆ ಬರುತ್ತೆ."

ಮೆಮೊರಿಯ ವಿಷಯಕ್ಕೆ ಮಾತ್ರ ಜಗಳವೇ ಆಯಿತು. ತನ್ನೊಳಗೆ ಒಂದು ಅಂಕಿ ತಪ್ಪಿದರೆ ತಾನೇ ಪತ್ತೆ ಹಚ್ಚಿ ತಿದ್ದಿಕೊಳ್ಳುವ ಬಗೆಯ ಮೆಮೊರಿಯೇ ಬೇಕೆಂದು ಅವಳು. ಅದು ಸ್ವಲ್ಪ ನಿಧಾನ, ದೊಡ್ಡ ದೊಡ್ಡ ಲೆಕ್ಕಪತ್ರದ ಯಂತ್ರಗಳಿಗೆ ಹಾಕುವಂಥದು, ಇಲ್ಲಿ ಯಾಕೆ ಎಂದು ಅವನು. ಚಿಕ್ಕಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. "ನಾನು ಅಳೀತಿರೋದು ಬೆರಳಗಲದ ಲೆಕ್ಕ. ತಪ್ಪು ಉತ್ತರ ಎಷ್ಟು ಬೇಗ ಬೇಕು ನಿಮಗೆ?" ಮಿಂಚಣ್ಣ ಗೋದಾಮಿಗೆ ಫೋನು ಮಾಡಿದ.

ಐದನೆಯ ದಿನ ಯಂತ್ರ ಸಿದ್ಧವಾಯಿತು: ದೀಪವಿಲ್ಲದ, ಗಾಜಿಲ್ಲದ ಕಪ್ಪು ತಗಡಿನ ಪೆಟ್ಟಿಗೆ. ಒಯ್ಯುವುದೊಂದೇ ಬಾಕಿ ಎಂದು ನಾನು ಕಾರು ತಂದರೆ, ಚಿಕ್ಕಮ್ಮ ಇನ್ನೆರಡು ದಿನ ಮೆಮೊರಿಯನ್ನು ಪರೀಕ್ಷೆಗೆ ಹಚ್ಚಬೇಕು ಅಂದಳು. ಅಂದೇ ಮಧ್ಯಾಹ್ನ ಮುಖ್ಯ ಎಂಜಿನಿಯರರು ಅಂಗಡಿಗೇ ಬಂದರು, ಕೈಯಲ್ಲಿ ಕೊಡೆ. ಹೊರಗೆ ಮೋಡ ಕವಿದಿತ್ತು.

"ಮಳೆ ತಲೆ ಮೇಲಿದೆ ಮೇಡಂ. ನೀವಿನ್ನೂ ಪರೀಕ್ಷೆ ಮಾಡ್ತಾನೇ ಇದೀರಿ. ನಾಳೆ ಏನಾದ್ರೂ ಆದ್ರೆ ಜನಕ್ಕೆ ನಾನೇನು ಹೇಳ್ಲಿ?"

"ಎರಡೇ ದಿನ ಸಾರ್."

ಅವರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದರು. ಮನೆಗೆ ಮರಳುವ ದಾರಿಯಲ್ಲಿ ಚಿಕ್ಕಮ್ಮ ಜೇಬಿನಿಂದ ಸ್ಟಾಪ್‌ವಾಚು ತೆಗೆದು ಒತ್ತುವಳು, ನಿಲ್ಲಿಸುವಳು, ಮತ್ತೆ ಒತ್ತುವಳು.

"ನಾನು ಹಟ ಮಾಡ್ತಿದೀನಾ? ನಿಜ ಹೇಳು."

"ಸ್ವಲ್ಪ" ಅಂದೆ.

"ಸ್ವಲ್ಪ ಆದ್ರೆ ಪರವಾಗಿಲ್ಲ" ಎಂದು ಕಿಟಕಿಯ ಕಡೆ ತಿರುಗಿದಳು.

ಎರಡನೆಯ ದಿನ ಸಂಜೆ ಪರೀಕ್ಷೆಯ ವರದಿ ಬಂತು. ಎಂಟು ಮೆಮೊರಿ ಪಟ್ಟಿಗಳಲ್ಲಿ ಏಳು ನಿಷ್ಕಳಂಕ. ಎಂಟನೆಯದು ಮಾತ್ರ ಮುನ್ನೂರಕ್ಕೂ ಹೆಚ್ಚು ಸಲ ತಪ್ಪಿ, ಪ್ರತಿ ಸಲವೂ ತಿದ್ದಿಕೊಂಡಿತ್ತು. ತಿದ್ದಿಕೊಂಡಿದೆಯಲ್ಲ, ನಡೆಯುತ್ತೆ ಅಂದ ಮಿಂಚಣ್ಣ. "ಇಷ್ಟು ಸಲ ಎಡವಿದ್ದು ಒಂದಲ್ಲ ಒಂದಿನ ಬೀಳುತ್ತೆ" ಎಂದು ಅವಳೇ ಆ ಪಟ್ಟಿಯನ್ನು ಕಿತ್ತು ಅವನ ಅಂಗೈಯಲ್ಲಿಟ್ಟಳು. ಬದಲಿಗೆ ಬಂದದ್ದನ್ನು ಕೂರಿಸಿ, ಮರುದಿನವಿಡೀ ಮತ್ತೆ ಪರೀಕ್ಷೆಗೆ ಹಚ್ಚಿ, ಎಂಟೂ ಸರಿಯೆಂದ ಮೇಲೆ ನಾವು ಮೂವರೂ ಸೇರಿ ಯಂತ್ರವನ್ನು ಕೊಟ್ಟಿಗೆಯ ಮೇಲಿನ ಕೋಣೆಗೆ ಹತ್ತಿಸಿದೆವು.

ಮರುದಿನ ಬೆಳಗ್ಗೆ ಏಳು ಗಂಟೆಗೆ ಅವಳು ಒಂದು ವಾರದ ಗುಡ್ಡವನ್ನು ಅದಕ್ಕೆ ಉಣಿಸಿದಳು. ಅಂಗಡಿಗೆ ಬೀಗ ಹಾಕಿ ಮಿಂಚಣ್ಣನೂ ಬಂದು ಕೂತ, ಚಿಕ್ಕಪ್ಪ ಬುತ್ತಿ ತಂದರು. ಮೆಮೊರಿಯ ಅಂಕಿ ಏರಿತು, ಏರಿತು, ಮುಕ್ಕಾಲು ಭಾಗಕ್ಕೆ ಬಂದು ನಿಂತಿತು. ನಿಂತೇ ಇತ್ತು. ಹಸಿರು ಗೆರೆ ಮಾತ್ರ ನಡೆಯುತ್ತಲೇ ಹೋಯಿತು. ಸಂಜೆ ಐದೂವರೆಗೆ ಪರದೆಯ ಮೇಲೆ ಗುಡ್ಡ ಎದ್ದು ನಿಂತಿತು, ಪೊದೆ ಪೊದೆಯಾಗಿ, ಕಲ್ಲು ಕಲ್ಲಾಗಿ. ಒಂಬತ್ತು ದಿನದ ಕೆಲಸಕ್ಕೆ ಹತ್ತೂವರೆ ಗಂಟೆ. ಮಿಂಚಣ್ಣ ಚಪ್ಪಾಳೆ ತಟ್ಟಿದ. ಚಿಕ್ಕಪ್ಪ ಕನ್ನಡಕ ಏರಿಸಿ, "ಇಪ್ಪತ್ತು ಪಟ್ಟಿಗಿಂತ ಜಾಸ್ತಿ ವೇಗ ಆಯ್ತಲ್ಲೇ" ಎಂದು ಬಾಯಿಲೆಕ್ಕ ಹಾಕಿದರು. ಅವಳು ಯಂತ್ರದ ತಗಡಿಗೆ ಕಿವಿಯಿಟ್ಟು ಫ್ಯಾನಿನ ಸದ್ದು ಕೇಳುತ್ತಾ, ಕಣ್ಣು ಮುಚ್ಚಿ ನಗುತ್ತಿದ್ದಳು.

ಉಳಿದುಬಿಟ್ಟಿದ್ದ ಐದು ವಾರಗಳ ಚಿತ್ರಗಳು ಐದು ದಿನದಲ್ಲಿ ಮುಗಿದವು. ಆರನೆಯ ದಿನ ಎಲ್ಲವನ್ನೂ ಒಂದರ ಮೇಲೊಂದಿಟ್ಟು ನೋಡಿದಾಗ, ಎಲ್ಲರೂ ಹೆದರಿದ್ದ ಪಶ್ಚಿಮದ ಗೋಡೆ ಉಗುರಿನಷ್ಟೂ ಅಲುಗಿರಲಿಲ್ಲ. ಆದರೆ ಯಾರೂ ಕಣ್ಣು ಹಾಯಿಸದ ಪೂರ್ವದ ತುದಿಯಲ್ಲಿ, ಪ್ರಾಥಮಿಕ ಶಾಲೆಯ ಹಿಂದಿನ ಹಸಿರು ಇಳಿಜಾರು, ಒಂದು ವಾರ ಒಂದು ಬೆರಳು, ಮರುವಾರ ಎರಡು, ಆಮೇಲೆ ಮೂರು ಎಂಬಂತೆ ಕೆಳಕ್ಕೆ ಜಾರುತ್ತಿತ್ತು.

ಅವಳು ಆ ಚಿತ್ರ ಹಿಡಿದು ಮುಖ್ಯ ಎಂಜಿನಿಯರರ ಕೋಣೆಗೆ ಹೋದಾಗ ನಾನೂ ಜೊತೆಗಿದ್ದೆ. ಅವರ ಮೇಜಿನ ಮೇಲೆ ಸಹಿಯಾದ ಆದೇಶವೊಂದಿತ್ತು. "ಗೋಡೆ ಕೆಳಗಿನ ಅರವತ್ತು ಮನೆಯವರನ್ನ ನಾಳಿದ್ದು ಸಾಗಿಸ್ತಿದೀವಿ ಮೇಡಂ" ಅಂದರು.

"ಎಲ್ಲಿಗೆ ಸಾರ್?"

"ಪೂರ್ವದ ಶಾಲೆಗೆ. ಪಾಠ ಅರ್ಧ ಕಟ್ಟಡದಲ್ಲಿ, ಇವರು ಇನ್ನರ್ಧದಲ್ಲಿ."

ಚಿಕ್ಕಮ್ಮ ಚಿತ್ರವನ್ನು ಆದೇಶದ ಮೇಲೆ ಹರಡಿದಳು. ಅವರು ಬಗ್ಗಿ, ಶಾಲೆಯ ಹಿಂದಿನ ಇಳಿಜಾರಿನ ಮೇಲೆ ಬೆರಳಾಡಿಸಿದರು. "ಯಂತ್ರ ಹೊಸದು. ತಪ್ಪಿರಬಹುದಲ್ಲ?"

"ಆ ಅನುಮಾನ ಬರಬಾರದು ಅಂತಲೇ ಸಾರ್, ಕಾಯಿಸಿದ್ದು. ಆದ್ರೂ ನನ್ನ ಮಾತು ಬೇಡ. ಬನ್ನಿ, ಅಳೆಯೋಣ."

ಡ್ರೋನಿಗೆ ಗುರುತು ಸಿಗಲೆಂದು ಗುಡ್ಡದ ಮೇಲೆ ಅಲ್ಲಲ್ಲಿ ಬಂಡೆಗಳಿಗೆ ಬಿಳಿ ಬಣ್ಣದ ಅಡ್ಡಗೀಟು ಬಳಿದಿದ್ದರು. ಶಾಲೆಯ ಹಿಂದೆ ಇಳಿಜಾರಿನಲ್ಲೊಂದು, ಅದರ ಮೇಲಿನ ಗಟ್ಟಿ ನೆಲದಲ್ಲೊಂದು, ಅಂಥ ಎರಡು ಬಂಡೆಗಳ ನಡುವಿನ ದೂರವನ್ನು ಅವಳು ಬಣ್ಣ ಬಳಿದ ದಿನವೇ ಕೈಯಾರೆ ಅಳೆದು ಬರೆದಿಟ್ಟಿದ್ದಳು. ಈಗ ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಮೊಣಕಾಲೂರಿ ಕೂತ ಮುಖ್ಯ ಎಂಜಿನಿಯರರ ಕೈಯಲ್ಲಿ. ದೂರ ಅಂಗೈಯಗಲ ಹೆಚ್ಚಿತ್ತು. ಅವರು ಎದ್ದು, ಪ್ಯಾಂಟಿನ ಮಣ್ಣನ್ನೂ ಕೊಡವಿಕೊಳ್ಳದೆ, ಕೆಳಗೆ ಆಟದ ಬಯಲಿನಲ್ಲಿ ಓಡಾಡುತ್ತಿದ್ದ ಮಕ್ಕಳನ್ನು ನೋಡಿದರು. ಆ ಸಂಜೆಯೇ ಆದೇಶ ಬದಲಾಯಿತು. ಅರವತ್ತು ಮನೆಯವರು ತಮ್ಮ ಮನೆಗಳಲ್ಲೇ ಉಳಿದರು. ಶಾಲೆ ಪೇಟೆಯ ಸಭಾಂಗಣಕ್ಕೆ ಸ್ಥಳಾಂತರವಾಯಿತು.

ಮಳೆ ಶುರುವಾದ ಹನ್ನೆರಡನೆಯ ದಿನ, ಬೆಳಗ್ಗೆ ಹತ್ತೂವರೆಗೆ, ತರಗತಿಗಳು ನಡೆಯುವ ಹೊತ್ತಿನಲ್ಲಿ, ಪೂರ್ವದ ಇಳಿಜಾರು ಕುಸಿಯಿತು. ಮೂರು ಕೋಣೆಗಳಲ್ಲಿ ಕಿಟಕಿಯ ಮಟ್ಟಕ್ಕೆ ಮಣ್ಣು ತುಂಬಿತು. ಲಾರಿಯಿಂದ ಜಲ್ಲಿ ಸುರಿದಂಥ ಆ ಸದ್ದು ಕಚೇರಿಗೂ ಕೇಳಿಸಿತಂತೆ. ಚಿಕ್ಕಮ್ಮ ನನಗೆ ಫೋನು ಮಾಡಿ, "ಯಾರೂ ಇರ್ಲಿಲ್ಲ ತಾನೇ?" ಎಂದು ಕೇಳಿದಳು. ಇರಲಿಲ್ಲವೆನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಮೂರು ಸಲ ಕೇಳಿದಳು. ಮೂರು ಸಲವೂ ನಾನು ಇಲ್ಲವೆಂದೆ.

ಸುದ್ದಿ ಹಬ್ಬಿದ ಮೇಲೆ ಬೇರೆ ಬೇರೆ ಊರುಗಳ ಭೂಮಾಪನ ಕಚೇರಿಗಳಿಂದ ಪತ್ರಗಳು ಬಂದವು. ಎಲ್ಲದರಲ್ಲೂ ಒಂದೇ ಕೋರಿಕೆ: ನೀವು ಕೊಂಡ ಯಂತ್ರದ ಬಿಡಿಭಾಗಗಳ ಪಟ್ಟಿ ಕಳಿಸಿ, ಅದನ್ನೇ ಕೊಳ್ಳುತ್ತೇವೆ. ಅವಳು ಪಟ್ಟಿ ಕಳಿಸಲಿಲ್ಲ. ಹಳೆಯ ಯಂತ್ರದ ಎದುರು ಕೂತು ಏನೇನು ಗಮನಿಸಬೇಕು, ಯಾವುದನ್ನು ಎಷ್ಟು ಹೊತ್ತಿಗೊಮ್ಮೆ ಬರೆದುಕೊಳ್ಳಬೇಕು ಎಂದು ಎರಡು ಪುಟ ಬರೆದು ಎಲ್ಲರಿಗೂ ಅದನ್ನೇ ಕಳಿಸಿದಳು. ಹಲವರಿಗೆ ಸಿಟ್ಟು ಬಂತು. ಗುಟ್ಟು ಬಿಡುವುದಿಲ್ಲ ಈ ಹೆಂಗಸು ಅಂದರು. ಎರಡು ತಿಂಗಳ ನಂತರ ದೂರದ ಊರಿನ ಅಳತೆಗಾರ್ತಿಯೊಬ್ಬಳು ಫೋನು ಮಾಡಿ ಒಂದು ಗಂಟೆ ಮಾತಾಡಿದಳು. ಫೋನಿಟ್ಟ ಚಿಕ್ಕಮ್ಮನ ಮುಖ ನೋಡಬೇಕಿತ್ತು. "ಅವಳಿಗೆ ಬೇಕಾಗಿರೋದು ನಮ್ಮದಲ್ಲವೇ ಅಲ್ಲ ಕಣೇ, ಪೂರ್ತಿ ಬೇರೆ ಯಂತ್ರ. ಅವಳೇ ಕೂತು ಕಂಡುಹಿಡಿದಿದಾಳೆ" ಎಂದು, ತನ್ನ ಯಂತ್ರ ಗೆದ್ದ ದಿನಕ್ಕಿಂತಲೂ ಹೆಚ್ಚು ಸಂಭ್ರಮಪಟ್ಟಳು.

ಇಂಥವರು ಪ್ರತಿ ಊರಿನಲ್ಲೂ, ಯಾವುದೋ ಕಚೇರಿಯ ಯಾವುದೋ ಮಹಡಿ ಕೋಣೆಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರನ್ನು ನಾವು ಹಟಮಾರಿಗಳು, ಅನುಮಾನದ ಪ್ರಾಣಿಗಳು ಅನ್ನುತ್ತೇವೆ. ಅವರ ಜೊತೆ ಪೇಟೆಗೆ ಹೋಗಲು ಅಂಜುತ್ತೇವೆ. ನಾವು ಏನನ್ನಾದರೂ ಆರಿಸುವಾಗ ಅದರ ಪಕ್ಕದಲ್ಲಿ ನಾವು ಹೇಗೆ ಕಾಣುತ್ತೇವೆ, ನೋಡಿದವರು ಏನನ್ನುತ್ತಾರೆ ಎಂಬ ಯೋಚನೆ ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅವರು ಆರಿಸುವಾಗ ಅವರೇ ಅಲ್ಲಿ ಇರುವುದಿಲ್ಲ. ಮಾಡಬೇಕಾದ ಕೆಲಸ ಮಾತ್ರ ಇರುತ್ತದೆ, ಆ ಕೆಲಸದ ಆಚೆ ತುದಿಯಲ್ಲಿ ಅವರು ಎಂದೂ ಮಾತಾಡಿಸಿರದ ಯಾರೋ ಇರುತ್ತಾರೆ. ಅಷ್ಟು ದೂರದ ಪ್ರೀತಿಗೆ ನಮ್ಮಲ್ಲಿ ಬೇರೆ ಹೆಸರಿಲ್ಲವಾದ್ದರಿಂದ ಅದನ್ನು ಹಟವೆಂದು ಕರೆದು, ಮುಂದಕ್ಕೆ ಬಾಗಿ ಬಿರಬಿರನೆ ನಡೆಯುವ ಅವರ ಹಿಂದೆ ಏದುಸಿರು ಬಿಡುತ್ತಾ ಹೋಗುತ್ತಿರುತ್ತೇವೆ.